ಸದ್ದು ಯಾವಾಗ ಬರುತ್ತೆ, ಅದನ್ನ ಹೇಳಿ

ಬೈಕ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಪಾಡು ಇದು. ಎಷ್ಟೋ ದಿನದಿಂದ ತಲೆ ತಿನ್ನುತ್ತಿದ್ದ ಸದ್ದು ಮೆಕ್ಯಾನಿಕ್ ಎದುರು ಬೈಕ್ ನಿಲ್ಲಿಸಿದ ಕೂಡಲೇ ನಾಪತ್ತೆ. "ಈಗ ಬರೋವಾಗಲೂ ಇತ್ತು, ನಿಜವಾಗ್ಲೂ" ಅಂತ ನಾವು ಒದ್ದಾಡುತ್ತೇವೆ. ಅವರು ಆಕ್ಸಿಲರೇಟರ್ ತಿರುವಿ, ಬಗ್ಗಿ ಕಿವಿಗೊಟ್ಟು, ಒಂದು ರೌಂಡ್ ಓಡಿಸಿಕೊಂಡು ಬಂದು "ಏನೂ ಇಲ್ವಲ್ಲ" ಅನ್ನುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ಕನಿಕರವೂ ಇರುತ್ತದೆ. ವಾಪಸ್ ಹೊರಟರೆ ಮೊದಲ ಏರಿನಲ್ಲೇ ಮತ್ತೆ ಕಟಕಟ ಶುರು.

ಬೈಕಿಗೆ ನಮ್ಮ ಮೇಲೇನೋ ಹಗೆ ಅಂತ ತಮಾಷೆ ಮಾಡಿ ಬಿಟ್ಟುಬಿಡಬಹುದು. ಆದರೆ ಒಂದು ನಿಮಿಷ ಯೋಚಿಸಿದರೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಗ್ಯಾರೇಜಿನಲ್ಲಿ ಬೈಕ್ ಸ್ಟ್ಯಾಂಡ್ ಮೇಲೆ ನಿಂತಿರುತ್ತದೆ. ಗೇರ್ ನ್ಯೂಟ್ರಲ್. ಸೀಟ್ ಮೇಲೆ ಯಾರೂ ಇಲ್ಲ, ಹಾಗಾಗಿ ಶಾಕ್ ಅಬ್ಸಾರ್ಬರ್ ಮೇಲೆ ಭಾರ ಇಲ್ಲ. ಚೈನ್ ಮೇಲೆ ಎಳೆತ ಇಲ್ಲ. ಅಲ್ಲಿವರೆಗೆ ಓಡಿಸಿಕೊಂಡೇ ಬಂದಿರುವುದರಿಂದ ಎಂಜಿನ್ ಚೆನ್ನಾಗಿ ಬಿಸಿಯಾಗಿರುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ಬರುವ ಸದ್ದು ಈಗ ಬರಲಿ ಅಂದರೆ ಎಲ್ಲಿಂದ ಬರಬೇಕು? ಏರಿನಲ್ಲಿ ಎಂಜಿನ್ ತಿಣುಕುವಾಗ ಮಾತ್ರ ಬರುವ ಸದ್ದು ನ್ಯೂಟ್ರಲ್‌ನಲ್ಲಿ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಬರುವುದಿಲ್ಲ. ಸದ್ದು ಬೈಕಿನ ಒಂದು ಮೂಲೆಯಲ್ಲಿ ಸದಾ ಕೂತಿರುವ ವಸ್ತು ಅಲ್ಲ. ಶಾಖ, ಭಾರ, ವೇಗ ಇವೆಲ್ಲ ಒಂದು ಲೆಕ್ಕಕ್ಕೆ ಕೂಡಿಬಂದಾಗ ಮಾತ್ರ ಹುಟ್ಟುತ್ತದೆ. ಅದಕ್ಕೇ "ಎಲ್ಲಿಂದ ಬರ್ತಾ ಇದೆ" ಅಂತ ಹುಡುಕುವ ಮೊದಲು "ಯಾವಾಗ ಬರುತ್ತೆ" ಅಂತ ಕೇಳಬೇಕು ಅನ್ನುವುದು ನನ್ನ ವಾದ.

ಈ ಪಾಠ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕಲಿತದ್ದು. ನನ್ನ ಬೈಕಿನಿಂದ ಝರ್ರ್ ಅಂತ ಒಂದು ಸದ್ದು ಬರುತ್ತಿತ್ತು. ಗಾಡಿ ನಿಲ್ಲಿಸಿ ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ, ಅವರು "ಯಾವಾಗ ಬರುತ್ತಪ್ಪಾ?" ಅಂದರು. ನಾನು ಬಾಯಲ್ಲೇ ಆ ಸದ್ದು ಮಾಡಿ ತೋರಿಸಿದೆ. "ಹೇಗೆ ಬರುತ್ತೆ ಅಂತ ಕೇಳ್ಲಿಲ್ಲ. ಯಾವಾಗ ಅಂದೆ." ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಸ್ಟಾರ್ಟ್ ಮಾಡಿದ ತಕ್ಷಣವೋ, ಬಿಸಿಯಾದ ಮೇಲೋ? ಯಾವ ಗೇರು? ಕ್ಲಚ್ ಹಿಡಿದರೆ ನಿಲ್ಲುತ್ತಾ? ಬ್ರೇಕ್ ಹಾಕಿದಾಗಲೋ, ಬಿಟ್ಟಾಗಲೋ? ಹಿಂದೆ ಯಾರಾದರೂ ಕೂತರೆ ಜಾಸ್ತಿಯಾಗುತ್ತಾ? ಒಂದೇ ವೇಗದಲ್ಲಿ ಬಂದು ಆಮೇಲೆ ಹೋಗಿಬಿಡುತ್ತಾ? ಕೊನೆಯದಕ್ಕೆ "ಹೌದು, ಗೇರ್ ಯಾವುದೇ ಇರಲಿ, ಎಂಜಿನ್ ಒಂದು ಮಟ್ಟಕ್ಕೆ ಬಂದಾಗ ಮಾತ್ರ" ಅಂದೆ. "ಹಾಗಾದ್ರೆ ಬಿಚ್ಚೋದು ಏನೂ ಇಲ್ಲ" ಅಂದರು.

ನನ್ನ ಕೈಗೆ ಆಕ್ಸಿಲರೇಟರ್ ಕೊಟ್ಟು, ಸದ್ದು ಬರುವ ಮಟ್ಟದಲ್ಲೇ ಹಿಡಿದುಕೊಂಡಿರಲು ಹೇಳಿದರು. ಅವರು ಅಂಗೈಯಲ್ಲಿ ಒಂದೊಂದೇ ಭಾಗ ಒತ್ತುತ್ತಾ ಬಂದರು. ನಂಬರ್ ಪ್ಲೇಟ್. ಹಿಂದಿನ ಮಡ್‌ಗಾರ್ಡ್. ಟ್ಯಾಂಕಿನ ಪಕ್ಕ. ಹೆಡ್‌ಲೈಟ್. ಆಮೇಲೆ ದಪ್ಪ ಬಟ್ಟೆ ಮಡಚಿ ಸೈಲೆನ್ಸರ್ ಮೇಲಿನ ಕವರ್ ಒತ್ತಿದರು. ಸದ್ದು ಕತ್ತರಿಸಿದ ಹಾಗೆ ನಿಂತಿತು. ಕೈ ತೆಗೆದರೆ ಝರ್ರ್, ಒತ್ತಿದರೆ ಇಲ್ಲ. ಬೋಲ್ಟ್ ಇತ್ತು, ಅದರ ಕೆಳಗಿನ ವಾಷರ್ ಸವೆದು ಹೋಗಿತ್ತು. ಪ್ರತಿ ತಗಡಿಗೂ ತನ್ನದೇ ಒಂದು ಕಂಪನದ ಲಯ ಇರುತ್ತದೆ. ಎಂಜಿನ್ನಿನ ನಡುಕ ಆ ಲಯಕ್ಕೆ ಕೂಡಿದಾಗ ತಗಡು ಕುಣಿಯುತ್ತದೆ, ದಾಟಿದರೆ ಸುಮ್ಮನಾಗುತ್ತದೆ. ಹಾಗಾಗಿ ಒಂದೇ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತಿನ ಲೆಕ್ಕ) ಬಂದು ಹೋಗುವ ಝರ್ರ್ ಬಹುಪಾಲು ಹೊರಗಿನ ಸಡಿಲ ತಗಡಿನದೇ. (ಕೀ ಗೊಂಚಲನ್ನೂ ಮರೆಯಬೇಡಿ. ದೊಡ್ಡ ಗೊಂಚಲು ಹ್ಯಾಂಡಲ್ ಮೇಲೆ ಬಡಿದುಕೊಳ್ಳುವ ಸದ್ದಿಗೆ ಎಂಜಿನ್ ಬಿಚ್ಚಿಸುವ ಯೋಚನೆ ಮಾಡಿದವರನ್ನು ನೋಡಿದ್ದೇನೆ.)

ಕಿವಿಯನ್ನು ಯಾಕೆ ಪೂರ್ತಿ ನಂಬಬಾರದು

ನಮ್ಮ ಎರಡು ಕಿವಿಗಳಿಗೆ ಸದ್ದು ತಲುಪುವ ಹೊತ್ತಿನಲ್ಲಿ ಮತ್ತು ಜೋರಿನಲ್ಲಿ ಇರುವ ಚೂರು ವ್ಯತ್ಯಾಸದಿಂದ ಅದು ಯಾವ ಕಡೆಯದು ಅಂತ ಮಿದುಳು ಲೆಕ್ಕ ಹಾಕುತ್ತದೆ. ಹೆಲ್ಮೆಟ್ ಹಾಕಿದರೆ ಆ ಲೆಕ್ಕ ಅರ್ಧ ಕೆಟ್ಟಿತು. ಗಾಳಿಯ ಗದ್ದಲ ಸೇರಿದರೆ ಉಳಿದರ್ಧವೂ ಹೋಯಿತು. ಇಷ್ಟು ಸಾಲದು ಅಂತ ಬೈಕಿನ ಫ್ರೇಮ್ ಬೇರೆ ಇದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ಉಕ್ಕಿನಲ್ಲಿ 5,000 ಮೀಟರಿನಷ್ಟು ಓಡುತ್ತದೆ. ಅದೂ ದಾರಿಯಲ್ಲಿ ಹೆಚ್ಚು ಸೊರಗದೆ. ಹಿಂದಿನ ಫುಟ್‌ರೆಸ್ಟಿನ ಅಲುಗಾಟ ಫ್ರೇಮಿನೊಳಗೆ ಹರಿದು ಬಂದು, ಟ್ಯಾಂಕಿನ ಅಗಲವಾದ ತಗಡಿನಿಂದ ಹೊರಗೆ ಬೀಳಬಹುದು. ಕೂತವರು ಟ್ಯಾಂಕನ್ನೇ ಅನುಮಾನಿಸುತ್ತಾರೆ.

ಇನ್ನು ಸದ್ದಿನ ಬಣ್ಣನೆ. ಟಿಕ್ ಟಿಕ್ ಅಂತ ಹೇಳಿದರೆ ಅದು ಟ್ಯಾಪೆಟ್ (ಎಂಜಿನ್ನಿನ ವಾಲ್ವುಗಳನ್ನು ಒತ್ತಿ ತೆರೆಯುವ ಭಾಗ) ಇರಬಹುದು. ಹೊಗೆ ಹೊರಗೆ ಒಯ್ಯುವ ಬೆಂಡ್ ಪೈಪ್ ಎಂಜಿನ್ನಿಗೆ ಸೇರುವ ಕಡೆ ಸಂದು ಮುಚ್ಚುವ ಗ್ಯಾಸ್ಕೆಟ್ ಹೋಗಿ, ಹೊಗೆ ಸೋರುವಾಗಲೂ ಥೇಟ್ ಅದೇ ಟಿಕ್ ಟಿಕ್. ಫ್ಯೂಯೆಲ್ ಇಂಜೆಕ್ಷನ್ ಇರುವ ಬೈಕಿನಲ್ಲಿ ಇಂಜೆಕ್ಟರ್ ತೆರೆದು ಮುಚ್ಚುವ ಸದ್ದೂ ಅಂಥದ್ದೇ, ಅದು ಇರಲೇಬೇಕಾದ ಸದ್ದು. ಮೂರಕ್ಕೂ ಬಾಯಲ್ಲಿ ಮಾಡಿ ತೋರಿಸುವ ಟಿಕ್ ಒಂದೇ. ಬೇರೆ ಮಾಡುವುದು ಹೇಗೆ? ಮತ್ತೆ 'ಯಾವಾಗ' ಅನ್ನುವುದರಿಂದಲೇ. ಹೊಗೆ ಸೋರುವುದಾದರೆ ತಣ್ಣಗಿದ್ದಾಗ, ಆಕ್ಸಿಲರೇಟರ್ ಕೊಟ್ಟು ಎಂಜಿನ್ನಿಗೆ ಭಾರ ಬಿದ್ದಾಗ ಜಾಸ್ತಿ. ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಸಂದು ಮುಚ್ಚಿಕೊಂಡು ಕಡಿಮೆಯಾಗಬಹುದು. ಜೊತೆಗೆ ಆ ಸಂದಿನ ಸುತ್ತ ಕಪ್ಪು ಮಸಿ ಹಿಡಿದಿರುತ್ತದೆ. ಟ್ಯಾಪೆಟ್ ಆದರೆ ಭಾರ ಇರಲಿ ಬಿಡಲಿ, ಎಂಜಿನ್ನಿನ ಓಟಕ್ಕೆ ತಾಳ ಹಾಕುತ್ತಲೇ ಇರುತ್ತದೆ.

ಕಿವಿಗೆ ಸ್ವಲ್ಪ ನೆರವು ಕೊಡುವ ಉಪಾಯಗಳೂ ಇವೆ. ರಸ್ತೆ ಪಕ್ಕ ಉದ್ದನೆಯ ಗೋಡೆ ಇರುವ ಕಡೆ ಅದಕ್ಕೆ ಹತ್ತಿರವಾಗಿ ನಿಧಾನಕ್ಕೆ ಓಡಿಸಿ. ಗೋಡೆಗೆ ಬಡಿದು ವಾಪಸ್ ಬರುವ ಸದ್ದಿನಲ್ಲಿ, ಬಯಲಲ್ಲಿ ಕೇಳದ ಎಷ್ಟೋ ಸಂಗತಿ ಸ್ಪಷ್ಟವಾಗಿ ಕೇಳುತ್ತದೆ. ಬೈಕಿನ ಬಲಗಡೆಯದು, ಎಡಗಡೆಯದು ಅಂತಲೂ ತಿಳಿಯುತ್ತದೆ. ಇನ್ನೊಂದು, ಉದ್ದನೆಯ ಸ್ಕ್ರೂಡ್ರೈವರ್. ಎಂಜಿನ್ ಓಡುತ್ತಿರುವಾಗ ಅದರ ತುದಿಯನ್ನು ಟ್ಯಾಪೆಟ್ ಕವರ್, ಕ್ಲಚ್ ಕವರ್, ಟೈಮಿಂಗ್ ಚೈನ್ ಟೆನ್ಷನರ್, ಹೀಗೆ ಒಂದೊಂದು ಕಡೆ ಇಟ್ಟು ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿ ಕೇಳುವುದು. ಮೊದಲ ಸಲ ಕೇಳಿದರೆ ಎಂಜಿನ್ ಇನ್ನೇನು ಒಡೆಯುತ್ತದೆ ಅನ್ನಿಸುತ್ತದೆ, ಅಷ್ಟು ಗಲಾಟೆ. ಹೆದರಬೇಡಿ, ಆರೋಗ್ಯವಾದ ಎಂಜಿನ್ನೂ ಒಳಗೆ ಹಾಗೇ ಇರುತ್ತದೆ. ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಮಾತ್ರ ನಮಗೆ ಬೇಕಾದದ್ದು. ತಿರುಗುವ ಭಾಗದ ಹತ್ತಿರ ಮಾತ್ರ ಈ ಸರ್ಕಸ್ ಬೇಡ.

ಎಂಜಿನ್ನಿನದೋ, ಚಕ್ರದ್ದೋ

ಎಲ್ಲ ಪರೀಕ್ಷೆಗಿಂತ ಮೊದಲು ಮಾಡಬೇಕಾದದ್ದು ಇದು. ಕೈಗೆ ಖರ್ಚಿಲ್ಲ, ಪಾನಾ ಬೇಕಿಲ್ಲ. ಖಾಲಿ ರಸ್ತೆಯಲ್ಲಿ ಸದ್ದು ಬರುವ ವೇಗಕ್ಕೆ ಹೋಗಿ, ಕ್ಲಚ್ ಹಿಡಿದು ಆಕ್ಸಿಲರೇಟರ್ ಪೂರ್ತಿ ಬಿಡಿ. ಎಂಜಿನ್ ಐಡಲ್‌ಗೆ ಇಳಿಯುತ್ತದೆ, ಬೈಕ್ ಓಡುತ್ತಲೇ ಇರುತ್ತದೆ. ಸದ್ದು ಹಾಗೇ ಉಳಿದು, ಬೈಕ್ ನಿಧಾನವಾದ ಹಾಗೆ ತಾನೂ ನಿಧಾನವಾದರೆ ಅದು ಚಕ್ರ, ಬ್ರೇಕ್, ಚೈನ್, ಇಲ್ಲವೇ ಗೇರ್‌ಬಾಕ್ಸಿನ ಹಿಂಭಾಗಕ್ಕೆ ಸೇರಿದ್ದು. ಕ್ಲಚ್ ಹಿಡಿದ ಕ್ಷಣವೇ ಬದಲಾದರೆ ಎಂಜಿನ್, ಕ್ಲಚ್, ಅಥವಾ ಎಳೆತ ಬಿದ್ದಾಗ ಮಾತ್ರ ಮಾತಾಡುವ ಯಾವುದೋ ಭಾಗ. ಇದಕ್ಕೇ ಜೋಡಿ ಇನ್ನೊಂದು ಪರೀಕ್ಷೆ: ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ. ಚಕ್ರ ಮೊದಲಿನಷ್ಟೇ ತಿರುಗುತ್ತಿದೆ, ಎಂಜಿನ್ ಮಾತ್ರ ಜೋರಾಗಿದೆ. ಸದ್ದು ಯಾರ ಜೊತೆ ಹೋಯಿತು? ಅಷ್ಟೇ ಪ್ರಶ್ನೆ.

ಲೆಕ್ಕ ಗೊತ್ತಿದ್ದರೆ ಇನ್ನೂ ಸುಲಭ. 36 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 10 ಮೀಟರ್. 17 ಇಂಚಿನ ಚಕ್ರಕ್ಕೆ ಟೈರ್ ಸೇರಿಸಿದರೆ ಒಂದು ಸುತ್ತಿಗೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಅಂದರೆ ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಐದು ಸುತ್ತಿನ ಆಸುಪಾಸು. ಅದೇ ಹೊತ್ತಿಗೆ ಎಂಜಿನ್ 4,000 ಆರ್‌ಪಿಎಂನಲ್ಲಿದ್ದರೆ ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನು ತಿರುಗಾಟ ಮಾಡುವ ದಂಡ) ಸೆಕೆಂಡಿಗೆ ಸುಮಾರು 67 ಸುತ್ತು ಹಾಕುತ್ತಿದೆ. ಅಷ್ಟು ಬೇಗದ ಬಡಿತವನ್ನು ಎಣಿಸಲು ಆಗುವುದಿಲ್ಲ, ಅದು ಒಂದೇ ಎಳೆಯಾಗಿ ಕೇಳುತ್ತದೆ. ಹಾಗಾಗಿ ಓಡುವಾಗ ಎಣಿಸಲು ಸಿಗುವ ಟಕ್ ಟಕ್ ಬಹುಪಾಲು ಎಂಜಿನ್ನಿನದಲ್ಲ. ನಿಂತಾಗಲೂ ಇದೇ ಲೆಕ್ಕ ನೆರವಾಗುತ್ತದೆ. 1,200 ಆರ್‌ಪಿಎಂನಲ್ಲಿ ಐಡಲ್ ಇದ್ದರೆ ಕ್ರ್ಯಾಂಕ್ ಸೆಕೆಂಡಿಗೆ 20 ಸುತ್ತು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್ ಅದರ ಅರ್ಧ ವೇಗಕ್ಕೆ ತಿರುಗುವುದರಿಂದ ಒಂದು ವಾಲ್ವಿನ ಟಿಕ್ ಸೆಕೆಂಡಿಗೆ 10. ಎಣಿಸಲು ಆಗದಿದ್ದರೂ, ಕ್ರ್ಯಾಂಕಿನ ಸುತ್ತಿಗೆ ಹೋಲಿಸಿದರೆ ಅರೆ ತಾಳ ಅಂತ ಸ್ವಲ್ಪ ಅಭ್ಯಾಸ ಆದ ಕಿವಿಗೆ ಗೊತ್ತಾಗುತ್ತದೆ.

ಸೀಮೆಸುಣ್ಣದ ಗುರುತು

ಗೆಳೆಯನೊಬ್ಬನ ಬೈಕ್ ನಿಧಾನಕ್ಕೆ ಹೋಗುವಾಗ ಟಕ್, ಟಕ್ ಅನ್ನುತ್ತಿತ್ತು. ಕ್ಲಚ್ ಹಿಡಿದರೂ ನಿಲ್ಲುತ್ತಿರಲಿಲ್ಲ. ಹಿಂದಿನ ಚಕ್ರದ ಕಡೆಯದು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಅಷ್ಟನ್ನೇ ನಂಬಿ ಅವನು ಬ್ರೇಕ್ ಶೂ ಹಾಕಿಸಿದ್ದ, ಚಕ್ರದ ಬೇರಿಂಗ್ ಹಾಕಿಸಿದ್ದ. ಟಕ್ ಹಾಗೇ ಇತ್ತು.

ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಹಿಂದಿನ ಟೈರಿನ ಪಕ್ಕ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆವು. ಅವನು ಚಕ್ರ ಕೈಯಲ್ಲಿ ನಿಧಾನಕ್ಕೆ ತಿರುಗಿಸಿದ, ನಾನು ಗೆರೆ ನೋಡುತ್ತಾ ಕೂತೆ. ಟಕ್ ಅಂದಾಗ ಗೆರೆ ಮೇಲೆ ಮಡ್‌ಗಾರ್ಡ್ ಹತ್ತಿರ ಇತ್ತು. ಮತ್ತೆ ತಿರುಗಿಸಿದ. ಮುಂದಿನ ಟಕ್ ಬಂದಾಗ ಗೆರೆ ಕೆಳಗೆ, ನೆಲದ ಕಡೆ. ಅದರ ಮುಂದಿನದಕ್ಕೆ ಮತ್ತೆ ಮೇಲೆ. ಆಮೇಲೆ ಮತ್ತೆ ಕೆಳಗೆ. ಬೇರಿಂಗ್, ಬ್ರೇಕ್ ಡ್ರಮ್, ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಇವೆಲ್ಲ ಚಕ್ರದ ಜೊತೆ ಸುತ್ತುವಂಥವು. ಅವುಗಳಲ್ಲಿ ಒಂದು ಜಾಗ ಕೆಟ್ಟಿದ್ದರೆ ಟಕ್ ಬರುವಾಗ ಗೆರೆ ಹೆಚ್ಚುಕಡಿಮೆ ಒಂದೇ ಕಡೆ ಇರಬೇಕಿತ್ತು. ಇದು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಅಂದರೆ ಎಷ್ಟೋ ಪೂರ್ತಿ ಸುತ್ತು ಮತ್ತೆ ಅರ್ಧ. ಎಣಿಸಿದರೆ ಎರಡೂವರೆ ಸುತ್ತಿಗೆ ಒಂದು ಟಕ್.

ಬೈಕಿನಲ್ಲಿ ಎರಡೂವರೆ ಸುತ್ತಿಗೊಮ್ಮೆ ತನ್ನ ಜಾಗಕ್ಕೆ ಬರುವಂಥದ್ದು ಏನಿದೆ? ಹಿಂದಿನ ಸ್ಪ್ರಾಕೆಟಿಗೆ 44 ಹಲ್ಲು. ಚೈನಿಗೆ 110 ಕೊಂಡಿ. ಒಂದು ಹಲ್ಲಿಗೆ ಒಂದು ಕೊಂಡಿಯಂತೆ, ಚೈನ್ ಒಂದು ಪೂರ್ತಿ ಸುತ್ತು ಬರಲು ಚಕ್ರ 110 ಭಾಗಿಸು 44, ಅಂದರೆ ಸರಿಯಾಗಿ ಎರಡೂವರೆ ಸುತ್ತು ತಿರುಗಬೇಕು. (ಮುಂದಿನ ಚಿಕ್ಕ ಸ್ಪ್ರಾಕೆಟ್ ಆಗಿದ್ದರೆ ಚಕ್ರದ ಒಂದೇ ಸುತ್ತಿಗೆ ಸುಮಾರು ಮೂರು ಟಕ್ ಬರುತ್ತಿತ್ತು.) ಚೈನ್ ಸ್ಪ್ರಾಕೆಟ್ ಬಿಟ್ಟು ಹೊರಬರುವ ಜಾಗಕ್ಕೆ ಟಾರ್ಚ್ ಬಿಟ್ಟು ಮತ್ತೆ ತಿರುಗಿಸಿದೆವು. ಎಲ್ಲ ಕೊಂಡಿಗಳೂ ಸ್ಪ್ರಾಕೆಟ್ ಬಿಟ್ಟ ಕೂಡಲೇ ನೇರವಾಗುತ್ತಿದ್ದವು. ಒಂದು ಮಾತ್ರ ಬಾಗಿದ ಹಾಗೇ ಸ್ವಲ್ಪ ದೂರ ಬಂದು ಪಟ್ಟನೆ ನೇರವಾಯಿತು. ಟಕ್. ಅದರ ಪಿನ್ನಿನ ಸುತ್ತ ಕೆಂಪು ತುಕ್ಕಿನ ಪುಡಿ. ಸೀಮೆಎಣ್ಣೆ ಬಿಟ್ಟು, ಅತ್ತಿತ್ತ ಅಲ್ಲಾಡಿಸಿ ನೋಡಿದೆವು, ಬಿಡಲಿಲ್ಲ. ಚೈನ್ ಹೇಗೂ ಹಳೆಯದಾಗಿತ್ತು. ಎರಡೂ ಸ್ಪ್ರಾಕೆಟ್ ಸಮೇತ ಬದಲಾಯಿಸಿದ.

ನಿಮ್ಮ ಬೈಕಿನ ಹಲ್ಲು, ಕೊಂಡಿಗಳ ಲೆಕ್ಕ ಬೇರೆ ಇರುತ್ತದೆ. ಒಮ್ಮೆ ಎಣಿಸಿ ಬರೆದಿಟ್ಟುಕೊಳ್ಳಿ. ಎಂಜಿನ್ ಓಡುತ್ತಿರುವಾಗ, ಗೇರ್ ಹಾಕಿಕೊಂಡು ಚೈನ್ ಹತ್ತಿರ ಕೈ ಮಾತ್ರ ಒಯ್ಯಬೇಡಿ. ಬಟ್ಟೆ ಹಿಡಿದು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ.

ಚೈನ್ ವಿಷಯದಲ್ಲಿ ಇನ್ನೊಂದು ಮಾತು. ಸಡಿಲವಾದ ಚೈನ್ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೆ ಬಡಿದು ಚಟಚಟ ಅನ್ನುತ್ತದೆ, ಎಲ್ಲರಿಗೂ ಕೇಳುತ್ತದೆ, ಎಲ್ಲರೂ ಬಿಗಿ ಮಾಡಿಸುತ್ತಾರೆ. ಅತಿಯಾಗಿ ಬಿಗಿಯಾದ ಚೈನ್ ಕುಂಯ್ ಅಂತ ಸಣ್ಣಗೆ ಕೊರಗುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಆದರೆ ಗುಂಡಿ ಹಾರಿದಾಗಲೆಲ್ಲ ಗೇರ್‌ಬಾಕ್ಸಿನ ಶಾಫ್ಟ್ ಬೇರಿಂಗನ್ನು ಹಿಂದಕ್ಕೆ ಜಗ್ಗುತ್ತದೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ ಅಂದರೆ ನಾನು ಸ್ವಲ್ಪ ಸಡಿಲವನ್ನೇ ಆರಿಸುತ್ತೇನೆ.

ತಣ್ಣಗೆ, ಬಿಸಿ, ಭಾರ

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಂದು, ಬಿಸಿಯಾದ ಮೇಲೆ ಹೋಗುವ ಬಡಿತ ಪಿಸ್ಟನ್ನಿನದ್ದಿರಬಹುದು. ಪಿಸ್ಟನ್ ಅಲ್ಯೂಮಿನಿಯಮ್ಮಿನದು. ಅದು ಓಡಾಡುವ ಕೊಳವೆ, ಅಂದರೆ ಬೋರ್, ಎರಕದ ಕಬ್ಬಿಣದ್ದಾದರೆ, ಪಿಸ್ಟನ್ ಅದರ ಸುಮಾರು ಎರಡರಷ್ಟು ಹಿಗ್ಗುತ್ತದೆ. ತಣ್ಣಗಿದ್ದಾಗ ನಡುವೆ ಸಂದು ಜಾಸ್ತಿ, ಪಿಸ್ಟನ್ ಆಚೀಚೆ ವಾಲಿ ಗೋಡೆಗೆ ತಟ್ಟುತ್ತದೆ. ಬಿಸಿಯಾದರೆ ತುಂಬಿಕೊಳ್ಳುತ್ತದೆ. ಬೇಗ ನಿಂತರೆ, ಹೊಗೆ ಬರದಿದ್ದರೆ, ಆಯಿಲ್ ಕುಡಿಯದಿದ್ದರೆ ಇದರ ಜೊತೆ ಬಹಳ ಕಾಲ ಬಾಳಬಹುದು. ಬಿಸಿಯಾದ ಹಾಗೆಲ್ಲ ಜಾಸ್ತಿಯಾಗುವ, ಎಂಜಿನ್ನಿನ ಬುಡದಿಂದ ಬರುವ ದಪ್ಪ ಬಡಿತ ಇದಕ್ಕೆ ಪೂರ್ತಿ ಬೇರೆ. ಆಯಿಲ್ ತೆಳುವಾದಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಮಾತಾಡುತ್ತಿದೆ ಅಂತ ಅರ್ಥ ಇರಬಹುದು. ಆಗ "ಮನೆವರೆಗೆ ಹೋಗಿಬಿಡೋಣ" ಅನ್ನಬಾರದು. ಅಲ್ಲೇ ಆಫ್ ಮಾಡಿ, ಆಯಿಲ್ ಮಟ್ಟ ನೋಡಿ, ತಳ್ಳಿಕೊಂಡೋ ಎತ್ತಿಹಾಕಿಕೊಂಡೋ ಹೋಗಬೇಕು.

ಭಾರ ಬಿದ್ದಾಗ ಬರುವ ಸದ್ದಿನಲ್ಲಿ ಎಲ್ಲರೂ ಕೇಳಿರುವುದು ನಾಕಿಂಗ್. ಟಾಪ್ ಗೇರ್, ಕಡಿಮೆ ವೇಗ, ಎದುರಿಗೆ ಏರು, ಆಕ್ಸಿಲರೇಟರ್ ಪೂರ್ತಿ: ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಒಳಗೆ ಪೆಟ್ರೋಲ್ ಮಿಶ್ರಣ ಕ್ರಮವಾಗಿ ಉರಿಯುವ ಬದಲು, ಉರಿ ತಲುಪುವ ಮೊದಲೇ ಉಳಿದ ಭಾಗ ತಾನಾಗಿ ಹೊತ್ತಿಕೊಳ್ಳುತ್ತಿದೆ. ಗೇರ್ ಇಳಿಸಿದರೆ ನಿಂತಿತೋ, ಅರ್ಧ ಪರಿಹಾರ ನಿಮ್ಮ ಎಡಗಾಲಲ್ಲೇ ಇದೆ. ಗೇರ್ ಇಳಿಸಿದರೂ ಬರುತ್ತಿದ್ದರೆ ಪೆಟ್ರೋಲ್, ಕಾರ್ಬನ್ ಕಟ್ಟಿರುವುದು, ಇಗ್ನಿಷನ್ ಟೈಮಿಂಗ್ ಕಡೆ ನೋಡಬೇಕು.

ಮುಂದಿನ ಬ್ರೇಕ್ ಹಿಡಿದಾಗ ಹ್ಯಾಂಡಲ್ ಬುಡದಲ್ಲಿ ಕಟಕ್ ಅಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲವಾಗಿದೆಯೇ ನೋಡಿ. ನಿಂತ ಜಾಗದಲ್ಲೇ ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಜಗ್ಗಿ, ಫ್ರೇಮ್ ಮತ್ತು ಫೋರ್ಕ್ ಸೇರುವ ಸಂದಿಗೆ ಬೆರಳಿಟ್ಟರೆ ಆಟ ಕೈಗೇ ಸಿಗುತ್ತದೆ. ಚಕ್ರದ ಬೇರಿಂಗ್ ಹೋದರೆ ಗೂಂ ಅನ್ನುವ ಸದ್ದು ವೇಗದ ಜೊತೆ ಏರುತ್ತದೆ. ಚಕ್ರ ಎತ್ತಿ ಹಿಡಿದು ಮೇಲೆ ಕೆಳಗೆ ಕೈ ಹಾಕಿ ಅಲ್ಲಾಡಿಸಿದರೆ ಅಲುಗುತ್ತದೆ. ಈ ಎರಡರಲ್ಲೂ ಸದ್ದು ಸಣ್ಣದು, ಅಪಾಯ ದೊಡ್ಡದು. ತಡ ಮಾಡಬೇಡಿ.

ಡಿಸ್ಕ್ ಬ್ರೇಕಿನ ಸಣ್ಣ ಶ್ ಶ್, ಕೀ ಆನ್ ಮಾಡಿದಾಗ ಪೆಟ್ರೋಲ್ ಪಂಪಿನ ಝೂಂ, ಬೈಕ್ ಆಫ್ ಮಾಡಿದ ಮೇಲೆ ಸೈಲೆನ್ಸರ್ ತಣ್ಣಗಾಗುವಾಗಿನ ಟಿಣ್ ಟಿಣ್, ಇವಕ್ಕೆಲ್ಲ ನಿದ್ದೆಗೆಡಬೇಕಿಲ್ಲ. ಹಳೆಯ ಡುಕಾಟಿ ಬೈಕುಗಳ ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಲಿವರ್ ಹಿಡಿದಾಗ ಖಣಖಣ ಅನ್ನುವುದನ್ನು ಜನ ಇಷ್ಟಪಟ್ಟು ಕೇಳುತ್ತಿದ್ದರು.

ಸದ್ದು ಇರಲಿ ಬಿಡಿ

ಸದ್ದಿನ ಹಿಂದೆ ಬಿದ್ದವರಿಗೆ ಒಂದು ಚಟ ಹತ್ತುತ್ತದೆ. ಎಲ್ಲ ಸದ್ದೂ ಹೋಗಲೇಬೇಕು ಅನ್ನುವ ಚಟ. ಅದರ ಮೊದಲ ಬಲಿ ಟ್ಯಾಪೆಟ್. "ಟಿಕ್ ಟಿಕ್ ಅಂತಿದೆ, ಸ್ವಲ್ಪ ಟೈಟ್ ಮಾಡಿ" ಅಂತ ಎಷ್ಟು ಜನ ಕೇಳುತ್ತಾರೆ ಅಂದರೆ, ಕೆಲವು ಮೆಕ್ಯಾನಿಕ್‌ಗಳು ಜಗಳವೇ ಬೇಡ ಅಂತ ಮಾಡಿಕೊಟ್ಟುಬಿಡುತ್ತಾರೆ. ಆ ಟಿಕ್ ಬರುವ, ಟ್ಯಾಪೆಟ್ಟಿಗೂ ವಾಲ್ವಿಗೂ ನಡುವಿನ ಸಂದು ಬೇಕು ಅಂತಲೇ ಬಿಟ್ಟಿರುವುದು. ಚಿಕ್ಕ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 0.05ರಿಂದ 0.15 ಮಿಲಿಮೀಟರಿನೊಳಗೆ ಇರುತ್ತದೆ. ಎಕ್ಸಾಸ್ಟ್ ವಾಲ್ವಿಗೆ ಹೆಚ್ಚಾಗಿ ಸ್ವಲ್ಪ ಜಾಸ್ತಿ. ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡಿನ ಪಟ್ಟಿ) ಹಾಕಿ ಅಳೆಯಬೇಕು, ಕಿವಿಯಲ್ಲಿ ಅಲ್ಲ. ವಾಲ್ವ್ ತನ್ನ ಶಾಖವನ್ನು ಬಹುಪಾಲು ಬಿಡುವುದು ಮುಚ್ಚಿಕೊಂಡು ತನ್ನ ಸೀಟಿಗೆ, ಅಂದರೆ ಅದು ಕೂರುವ ಬಳೆಗೆ, ಅಂಟಿರುವ ಹೊತ್ತಿನಲ್ಲಿ. ಸಂದು ಇಲ್ಲದಿದ್ದರೆ ಬಿಸಿಗೆ ಉದ್ದವಾದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಉರಿ ಆ ಮುಚ್ಚದ ಅಂಚಿನಿಂದ ನುಗ್ಗುತ್ತದೆ, ಕಂಪ್ರೆಷನ್ ಹೋಗುತ್ತದೆ, ಕೊನೆಗೆ ವಾಲ್ವಿನ ಅಂಚೇ ಸುಟ್ಟುಹೋಗುತ್ತದೆ. ಅಷ್ಟು ಹೊತ್ತೂ ಎಂಜಿನ್ ಬಹಳ ಮೆತ್ತಗೆ, ಚೆಂದವಾಗಿ ಓಡುತ್ತಿರುತ್ತದೆ.

ಯಾರೂ ಟೈಟ್ ಮಾಡದೆಯೂ ಹೀಗಾಗಬಹುದು. ವಾಲ್ವ್ ಸೀಟ್ ಸವೆದರೆ ವಾಲ್ವ್ ಮೇಲಕ್ಕೆ ಸರಿದು, ಸಂದು ತಾನಾಗಿಯೇ ಕಿರಿದಾಗುತ್ತಾ ಬರುತ್ತದೆ. ಹಾಗಾಗಿ ಮೊದಲು ಟಿಕ್ ಟಿಕ್ ಅನ್ನುತ್ತಿದ್ದ ಎಂಜಿನ್ ತಾನಾಗಿ ಮೆತ್ತಗಾಯಿತು ಅಂದರೆ ಖುಷಿಪಡಬೇಡಿ. ಜೊತೆಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದರೆ, ಐಡಲ್‌ನಲ್ಲಿ ನಿಲ್ಲದಿದ್ದರೆ, ಮ್ಯಾನ್ಯುಯಲ್ ಹೇಳಿದ ಕಿಲೋಮೀಟರ್ ಬರಲಿ ಅಂತ ಕಾಯದೆ ಮೊದಲು ಗೇಜ್ ಹಾಕಿಸಿ ನೋಡಿ.